ಎತ್ತರದ ಸ್ವರ

ಬೈಂದೂರು,
೧೦-೨-೨೦೦೩

ಪ್ರೀತಿಯ ಚಂದ್ರಾ,

ಗಂಟಲು ಹೇಗಿದೆ? ಬೆಂಗಳೂರಿನ ಚಳಿಗೆ ನಿನಗೆ ಬೇಗ ನೆಗಡಿಯಾಗುತ್ತದೆ. ಹಾಡುವ ಮೊದಲು ಬಿಸಿನೀರಿಗೆ ಕಾಳುಮೆಣಸು ಹಾಕಿ ಕುಡಿಯುತ್ತಿದ್ದೀಯೋ, ಇಲ್ಲಾ ಅದನ್ನು ನೋಡಿಕೊಳ್ಳುವುದಕ್ಕೂ ಅಲ್ಲಿ ಯಾರಾದರೂ ಇದ್ದಾರೋ? ನಿನ್ನ ಅಣ್ಣ, ಅತ್ತಿಗೆ ಕ್ಷೇಮವೆಂದು ನಂಬಿದ್ದೇನೆ. ಅಮ್ಮನ ಮೊಣಕಾಲು ನೋವು ಹಾಗೇ ಇದೆ. ನನಗೆ ಜಡೆ ಹಾಕಲು ಬರುವುದಿಲ್ಲವೆಂದು ದೀಕ್ಷಾಳದ್ದು ದಿನಾ ಬೆಳಿಗ್ಗೆ ಜಗಳ.

ಹೋದ ವಾರ ಫೋನಿನಲ್ಲಿ ನೀನು "ನೀವ್ ಹೂಂ ಅಂದ್ರ್ ಮಾತ್ರ ಸಹಿ ಹಾಕ್ತೆ" ಎಂದೆಯಲ್ಲ, ಅದಕ್ಕೆ ಉತ್ತರ ಬರೆಯಲು ಕುಳಿತಿದ್ದೇನೆ. ಮೂರು ವರ್ಷ ಅಲ್ಲಿನ ಆ ಕ್ಯಾಸೆಟ್ ಕಂಪನಿಗೆ ಮಾತ್ರ ಹಾಡಬೇಕು, ನಮ್ಮ 'ಚಂದ್ರ ಧ್ವನಿಸುರುಳಿ'ಗೂ ಹಾಡುವಂತಿಲ್ಲ ಎಂದರೆ ಏನರ್ಥ? ನಿನ್ನ ಹೆಸರಿಟ್ಟೇ ಅದನ್ನು ಕಟ್ಟಿದ್ದು. ಬಸ್‌ಸ್ಟ್ಯಾಂಡಿನ ಹಿಂದಿನ ಆ ಕೋಣೆಯ ಗೋಡೆಗೆ ಗೋಣಿಚೀಲ ಹೊಡೆದು, ಹಾರ್ನ್ ಕೇಳದ ಗಳಿಗೆ ನೋಡಿ, ಫ್ಯಾನ್ ನಿಲ್ಲಿಸಿ, ಬೆವರುತ್ತಾ ನಿನ್ನ ಅಜ್ಜಿಯ ಹಸೆ ಹಾಡುಗಳನ್ನು ರೆಕಾರ್ಡ್ ಮಾಡಿದ್ದು ನಾವಿಬ್ಬರೇ. ತೊಂಬತ್ತೇಳರಿಂದ ಈಚೆ ವಂಡ್ಸೆ ಕಡೆಯ ಮದುವೆ ಮನೆಗಳಲ್ಲೆಲ್ಲ ನಮ್ಮದೇ ಕ್ಯಾಸೆಟ್. ಈಗ ಪ್ರತಿ ಶುಕ್ರವಾರ ಕಂಪನಿಯ ವ್ಯಾನು ಬರುತ್ತದೆ. ಅವರ ಸಿನಿಮಾ ಹಾಡು ಬೇಕಾದರೆ ಅಂಗಡಿಯವರು ಎದುರಿನ ಕಪಾಟನ್ನೆಲ್ಲ ಅವರಿಗೇ ಬಿಡಬೇಕಂತೆ. ಬ್ರಹ್ಮಾವರದಲ್ಲಿ ನಮ್ಮ ಹಾಗೆಯೇ ಭಜನೆ ಕ್ಯಾಸೆಟ್ ತರುತ್ತಿದ್ದ ಗುಣಪಾಲ ಸ್ಟುಡಿಯೋ ಮುಚ್ಚಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ.

ಸಂಕಟ ಅದೊಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆ. ಹತ್ತು ನಿಮಿಷದ ಫೋನಿನಲ್ಲಿ ನೀನು, ಅಲ್ಲಿ ರೆಕಾರ್ಡಿಂಗ್ ಮಾಡುವ ಆ ಶೈಲೇಶನ ಹೆಸರನ್ನು ನಾಲ್ಕು ಸಲ ಹೇಳಿದೆ. "ಅವ್ರಿಗೆ ಎಷ್ಟ್ ಸೈರಣೆ ಮಾರ್ರೆ!" ಎಂದೆ. ಆರು ವರ್ಷದಲ್ಲಿ ಆ ಮಾತು ನನಗೆ ಒಮ್ಮೆಯೂ ಸಿಕ್ಕಿಲ್ಲ. ಅವನಿಗೆ ಮದುವೆಯಾಗಿದೆಯೋ ಎಂದು ಕೇಳಲು ಬಾಯಿತನಕ ಬಂತು, ನುಂಗಿಕೊಂಡೆ.

ಗುರುವಾರ ನಮ್ಮ ಕ್ಯಾಸೆಟ್ ಕೊಡಲು ಗಂಗೊಳ್ಳಿಗೆ ಹೋಗಿದ್ದೆ. ಭೋಜರಾಜನ ಕ್ಯಾಸೆಟ್ ಅಂಗಡಿ ಇನ್ನೂ ದೂರ ಇರುವಾಗಲೇ ನಿನ್ನ ಸ್ವರ ಕೇಳಿಸಿತು. ಐಸ್ ಪ್ಲಾಂಟಿನವರು, ಮೀನು ಬುಟ್ಟಿ ಹೊತ್ತ ಹೆಂಗಸರು ನಿಂತು ಕೇಳುತ್ತಿದ್ದರು. "ಹ್ವಾಯ್ ರಾಜೀವಣ್ಣ, ನಿಮ್ ಹೆಂಡ್ತಿ ಸ್ವರ ಕೇಣಿ!" ಎಂದು ಅವನು ಇನ್ನೂ ಜೋರು ಮಾಡಿದ. ನೀನು ಆ ಕಂಪನಿಗೆ ಹಾಡಿದ ಮೊದಲ ಕ್ಯಾಸೆಟ್ಟು. ಹೊದಿಕೆಯ ಮೇಲೆ ನೀನು, ನಾನು ಕೊಡಿಸದ ಸೀರೆಯಲ್ಲಿ. ನನಗೆ ಹೊಟ್ಟೆ ಉರಿಯಿತು, ಚಂದ್ರಾ. ಅವನಲ್ಲಿದ್ದ ಆರೂ ಕ್ಯಾಸೆಟ್ ನಾನೇ ಕೊಂಡುಬಿಟ್ಟೆ, ಇನ್ನು ಯಾರಿಗೂ ಸಿಗಬಾರದೆಂದು. ಅವನೋ ಹೆಂಡತಿಯ ಮೇಲಿನ ಅಭಿಮಾನ ಎಂದುಕೊಂಡು ಚಾ ತರಿಸಿದ. ನಾನು ಕುಡಿದು ಮುಗಿಸುವುದರೊಳಗೆ ಫೋನ್ ಮಾಡಿ ಇನ್ನೂ ಇಪ್ಪತ್ತು ಕಳಿಸಲು ಹೇಳಿದ. ಮಾರಾಟವಾಗದೆ ಉಳಿದ ನಮ್ಮ ಕ್ಯಾಸೆಟ್ಟುಗಳ ಪೆಟ್ಟಿಗೆಯನ್ನು ನನ್ನ ಸ್ಕೂಟರಿಗೆ ತಾನೇ ಕಟ್ಟಿಕೊಟ್ಟ.

ಶನಿವಾರ ಮಧ್ಯಾಹ್ನ ಒಂದನ್ನು ಹಾಕಿ ಕೇಳಿದೆ, ತಪ್ಪು ಹುಡುಕಲೆಂದೇ. ಸಿಕ್ಕಿತು ಕೂಡ. ಎರಡು ಸಾಲಿನ ನಡುವೆ ನೀನು ಉಸಿರು ತೆಗೆದುಕೊಳ್ಳುವುದನ್ನು ಕತ್ತರಿಸಿ, ಅಲ್ಲಿ ಕೀಬೋರ್ಡು ತುಂಬಿದ್ದಾರೆ. ನಿನ್ನ ಅಜ್ಜಿ ಕೇಳಿದ್ದರೆ ಎದ್ದು ಹೋಗುತ್ತಿದ್ದರು. ಆದರೆ ಮೂರನೆಯ ಹಾಡಿನಲ್ಲಿ ಮದುಮಗಳನ್ನು ಹಸೆಗೆ ಕರೆಯುವಾಗ ನೀನು ಒಮ್ಮೆಲೇ ಮೇಲಕ್ಕೆ ಹೋಗುತ್ತೀ. "ಅಷ್ಟ್ ಮೇಲ್ ಹೋಪ್ದ್ ಬ್ಯಾಡ, ನಿನ್ ಸ್ವರ ಒಡಿತ್ತ್" ಎಂದು ನಾನು ಪ್ರತಿ ಸಲ ತಡೆಯುತ್ತಿದ್ದ ಜಾಗ. ಪಕ್ಕದಲ್ಲಿ ಕುಳಿತಿದ್ದ ದೀಕ್ಷಾ, "ಅಪ್ಪಯ್ಯ, ಅಮ್ಮನ ಸ್ವರ ಒಡಿಲೇ ಇಲ್ಲ, ಅಲ್ದಾ?" ಎಂದಳು. ಅದೆಲ್ಲ ಅವರ ಮಷೀನಿನ ಕೈಚಳಕ ಎಂದು ಹೇಳಿ ಟೇಪ್ ನಿಲ್ಲಿಸಿದೆ.

ಆದ್ದರಿಂದ ಸಹಿಗೆ ಅವಸರ ಬೇಡ ಎಂಬುದೇ ನನ್ನ ಅಭಿಪ್ರಾಯ. ಮೂರು ವರ್ಷ ಕಳೆದು ಅವರು ಬೇರೆ ಸ್ವರ ಹುಡುಕಿದರೆ, ಆಗ ಈ ಕೋಣೆಯೂ ಇರುವುದಿಲ್ಲ. ಶಿವರಾತ್ರಿಯೊಳಗೆ ಊರಿಗೆ ಬಾ, ಕುಳಿತು ಮಾತಾಡೋಣ.

ಅಣ್ಣ, ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸು. ಅಮ್ಮ ಆಶೀರ್ವಾದ ಹೇಳಿದ್ದಾರೆ. ದೀಕ್ಷಾ ಮುತ್ತು ಕಳಿಸಿದ್ದಾಳೆ, ಜಡೆಯ ದೂರಿನ ಜೊತೆಗೆ.

ನಿನ್ನ,
ರಾಜೀವ

ತಾ. ಕ.: ಅಂಟಿಸಿದ ಲಕೋಟೆಯನ್ನು ಅಂಚೆಕಚೇರಿಯ ಮೆಟ್ಟಿಲಲ್ಲಿ ಕುಳಿತು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ, ಡಬ್ಬಿ ತೆಗೆಯುವ ಹೊತ್ತಾಯಿತು. ದೀಕ್ಷಾಳಿಗೆ ಹೇಳಿದ್ದು ಸುಳ್ಳು. ನಿನ್ನ ಸ್ವರ ಎಂದೂ ಒಡೆದಿಲ್ಲ, ಒಡೆದದ್ದು ನನ್ನ ಮೈಕು. ಮೊದಲ ಕ್ಯಾಸೆಟ್ಟಿನ ಹೊತ್ತಿಗೇ ಉಡುಪಿಯ ರಿಪೇರಿಯವನು, "ಹಾಡುವವರದ್ದು ಎಂತ ತಪ್ಪಿಲ್ಲ ಮಾರಾಯ್ರೆ, ಈ ಮೈಕಿಗೆ ಅಷ್ಟು ಎತ್ತರದ ಸ್ವರ ತಡೆಯುದಿಲ್ಲ" ಎಂದಿದ್ದ. ಅದನ್ನು ನಿನಗೆ ಹೇಳಲು ನಾಚಿಕೆಯಾಯಿತು. ಸ್ವರ ಒಡೆದಂತೆ ಕೇಳುವ ಆ ಟೇಪನ್ನೇ ಹಾಕಿ ಕೇಳಿಸಿದೆ, ನೀನು ಅತ್ತೆ, ನಂಬಿದೆ, ಆರು ವರ್ಷ ತಗ್ಗಿಸಿ ಹಾಡಿದೆ. ಸಹಿ ಹಾಕು. ನನ್ನನ್ನು ಕೇಳಬೇಡ.