ಅತ್ತೆಯ ಬಲಗಣ್ಣು

ಮನೆಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ನಿಮಗೆ,

ಹೇಗಿದ್ದೀರಿ? ಎಂಜಿನ್ ರೂಮಿನ ಸೆಕೆಗೆ ಎದ್ದಿದ್ದ ಬೆವರುಸಾಲೆ ಇಳಿಯಿತಾ? ಹಡಗು ದಡ ಮುಟ್ಟೋ ಹೊತ್ತಿಗೆ ಈ ಕಾಗದ ಅಲ್ಲಿರುತ್ತೆ ಅಂದುಕೊಂಡಿದ್ದೀನಿ. ನಾನು ಆರಾಮ. ನಿಮ್ಮ ಅಮ್ಮನ ಕಣ್ಣಿನ ವಿಷಯ ಪೂರ್ತಿ ಬರೀತೀನಿ, ಗಾಬರಿಯಾಗದೆ ಓದಿ.

ಬಲಗಣ್ಣಿನ ಪೊರೆ ತೆಗೆಸಿದ ಮರುದಿನ ಅತ್ತೆಯನ್ನು ಹಿಡಿಯೋರಿರಲಿಲ್ಲ. ಪಟ್ಟಿ ಬಿಚ್ಚಿಸಿಕೊಂಡು ಬಂದವರೇ ಅಡುಗೆಮನೆ ಮೂಲೆಯ ಜೇಡರ ಬಲೆ ತೋರಿಸಿ, ಇದು ಎಷ್ಟು ಕಾಲದಿಂದ ಇದೆ ಅಂತ ನನ್ನನ್ನು ವಿಚಾರಣೆಗೆ ನಿಲ್ಲಿಸಿದರು. ಕೆಲವು ವಾರ ಕಳೆದು ಡಾಕ್ಟರು ಒಪ್ಪಿದ ಮೇಲೆ ಹೊಲಿಗೆ ಯಂತ್ರದ ಮುಂದೆ ಕೂತರು. ಆಮೇಲೆ ಯಾಕೋ ಸಪ್ಪಗಾದರು. ಒಂದು ದಿನ ನೋಡ್ತೀನಿ, ಯಾರದೋ ಅಂಗಿಯ ಕಾಲರನ್ನು ಹೊಲಿಯೋದು, ಬಿಚ್ಚೋದು, ಮತ್ತೆ ಹೊಲಿಯೋದು. ಡೊಂಕು ಹೋಗ್ತಾನೇ ಇಲ್ಲ ಅಂತ ಗೊಣಗ್ತಿದ್ದರು. "ಅತ್ತೆ, ಹೊಲಿಗೆ ನೆಟ್ಟಗೇ ಇದೆ" ಅಂದೆ. ಕತ್ತರಿ ಕೆಳಗಿಟ್ಟು, ಬಲಗಣ್ಣಿಗೆ ಗೆರೆಯೆಲ್ಲ ಡೊಂಕಾಗೇ ಕಾಣುತ್ತೆ ಅಂತ ಒಪ್ಪಿಕೊಂಡರು.

ಮರುದಿನವೇ ಆಸ್ಪತ್ರೆಗೆ ಕರಕೊಂಡು ಹೋದೆ. ಅತ್ತೆಯೋ, ನೀವು ಹಾಕಿದ ಲೆನ್ಸ್ ಕೆಟ್ಟದ್ದು, ಬದಲಾಯಿಸಿ ಕೊಡಿ ಅಂತ ಅಂಗಡಿಯಲ್ಲಿ ಕೇಳೋ ಹಾಗೆ ಡಾಕ್ಟರಮ್ಮನ ಹತ್ತಿರ ಪಟ್ಟು ಹಿಡಿದರು. ಆಕೆ ನಗಲಿಲ್ಲ. ಲೆನ್ಸ್ ಸರಿಯಾಗೇ ಇದೆ, ಆದರೆ ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ಮೊದಲೇ ಸೊರಗಿಸಿತ್ತು, ಆಪರೇಷನ್ ಆದ ಮೇಲೆ ಅಲ್ಲಿ ನೀರು ಸೇರಿ ಊದಿಕೊಂಡಿದೆ, ಇಂಥವರಿಗೆ ಹೀಗಾಗೋದು ಹೆಚ್ಚು ಅಂತ ಚಿತ್ರ ಬರೆದು ತಿಳಿಸಿದರು. ಕಣ್ಣಿಗೇ ಇಂಜೆಕ್ಷನ್ ಕೊಡಬೇಕು ಅಂದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ನಾನು ಮದುವೆಯಾಗಿ ಬಂದ ಮೇಲೆ ಅದೇ ಮೊದಲು.

ತಿಂಗಳಿಗೊಂದರಂತೆ ಇಂಜೆಕ್ಷನ್ ಆಯಿತು. ಈಗ ಗೆರೆಗಳು ನೆಟ್ಟಗೆ ಕಾಣ್ತವೆ. ಸಣ್ಣ ಅಕ್ಷರ ಮಾತ್ರ ಕಾಣ್ತಿಲ್ಲ. ಅದು ಪೂರ್ತಿ ವಾಪಸ್ ಬರುತ್ತೋ ಇಲ್ಲವೋ ಡಾಕ್ಟರಮ್ಮನಿಗೂ ಗೊತ್ತಿಲ್ಲ. ಸೂಜಿಗೆ ದಾರ ನಾನು ಪೋಣಿಸಿಕೊಡ್ತೀನಿ, ಮಿಕ್ಕಿದ್ದೆಲ್ಲ ಅವರದೇ. ನಾನು ದಾರ ಕತ್ತರಿಸೋ ರೀತಿಗೂ ತಪ್ಪು ಹುಡುಕ್ತಾರೆ, ಅಂದಮೇಲೆ ಗೆಲುವಾಗಿದ್ದಾರೆ ಅಂತಲೇ ತಿಳೀರಿ.

ಹೊತ್ತುಹೊತ್ತಿಗೆ ಊಟ ಮಾಡಿ. ಅತ್ತೆ ಆಶೀರ್ವಾದ ಹೇಳಿದ್ದಾರೆ, ಜೊತೆಗೆ ತಲೆಗೂದಲು ಕತ್ತರಿಸಿಕೋ ಅಂತಲೂ.

ನಿಮ್ಮವಳು

ತಾ.ಕ.: ಅಂಚೆಯವರು ಬರೋ ಹೊತ್ತಾಯಿತು. ಎಡಗಣ್ಣಿನ ಪೊರೆಯೂ ಬಲೀತಿದೆ. ಈ ಸಲ ಮೊದಲು ಪರದೆಗೆ ಚಿಕಿತ್ಸೆ ಕೊಟ್ಟು, ಆಮೇಲೆ ಪೊರೆ ತೆಗೀತಾರಂತೆ. ಅತ್ತೆ ಸುತರಾಂ ಒಪ್ತಿಲ್ಲ. "ಯಾರೂ ಮುಟ್ಟದೆ ಉಳಿದಿರೋದು ಇದೊಂದೇ" ಅಂತಾರೆ. ನನ್ನ ಮಾತು ನಡೆಯೋದಿಲ್ಲ. ನೀವು ಅವರಿಗೇ ಬರೀರಿ. ಪುಟಕ್ಕೆ ನಾಲ್ಕೇ ಸಾಲು, ದಪ್ಪ ಅಕ್ಷರದಲ್ಲಿ. ನನ್ನ ಕೈಲಿ ಓದಿಸೋ ಹಾಗಾಗಬಾರದು.