ಅವ್ವ ಕೊಟ್ಟ ಐದು ಗಂಟೆ

ಗುಂಡ್ಲುಪೇಟೆ
ಭಾನುವಾರ, ೨೨-೯-೧೯೯೬

ಗರಿಷ್ಠ ಕನಿಷ್ಠಗಳ ಪಂಡಿತನಾದ ತಮ್ಮ ಶಾಂತರಾಜುವಿಗೆ ಅಕ್ಕನ ಮಧ್ಯಮ ಪ್ರಮಾಣದ ಆಶೀರ್ವಾದಗಳು.

ಉತ್ತರ ತಡವಾಯಿತು, ಕ್ಷಮಿಸು. ಕಾಲೇಜಿನಲ್ಲಿ ಕಿರುಪರೀಕ್ಷೆ. ಹುಡುಗರು ಹಳಗನ್ನಡಕ್ಕೆ ಬರೆದ ಅರ್ಥ ಓದಿ ಓದಿ ನನಗೆ ಹೊಸಗನ್ನಡವೂ ಮರೆತುಹೋಗಿದೆ. ನಿನ್ನ ಪ್ರಾಜೆಕ್ಟಿಗೆ ಬಹುಮಾನ ಬಂತೆಂದು ಸ್ಟಾಫ್ ರೂಮಿನಲ್ಲಿ ಮೈಸೂರುಪಾಕು ಹಂಚಿದೆ. ಇತಿಹಾಸದ ಮರಿಮಲ್ಲಪ್ಪನವರು, "ಏನ್ ಮೇಡಂ ಅದು, ಆಪ್ಟಿಮೈಸೇಶನ್ನು?" ಎಂದರು. "ಇರೋದನ್ನೇ ಹೆಚ್ಚು ಹಿಂಡೋದು ಸಾರ್" ಎಂದೆ. "ಹಂಗಾದ್ರೆ ಬಹುಮಾನ ನಮ್ಮ ಪ್ರಿನ್ಸಿಪಾಲರಿಗೆ ಬರಬೇಕಿತ್ತು!" ಎಂದರು. ಬಹುಮಾನದ ದುಡ್ಡಲ್ಲಿ ನೀನು ಅವ್ವನಿಗೆ ಕಳಿಸಿದ ಮೂರು ಸೆಲ್ಲಿನ ಬ್ಯಾಟರಿಯೂ ತಲುಪಿದೆ. ನಮ್ಮೂರು ಹಂಗಳದ ಬೀದಿಯಲ್ಲಿ ಮಟಮಟ ಮಧ್ಯಾಹ್ನ ಅದನ್ನು ಹಚ್ಚಿ ಎಲ್ಲರಿಗೂ ತೋರಿಸಿದಳು.

ನೀನು ಮಾಡಿದ್ದು ನನಗೆ ಅರ್ಥವಾಗಿರುವುದು ಇಷ್ಟು. ಚೆಂಡುಹೂವನ್ನು ಫ್ಯಾಕ್ಟರಿಯವರು ಗುಂಡಿಯಲ್ಲಿ ಅದುಮಿ ಹುಳಿ ಬರಿಸಿ, ಒಣಗಿಸಿ, ದ್ರಾವಕದಲ್ಲಿ ನೆನೆಸಿ ಬಣ್ಣ ತೆಗೆಯುತ್ತಾರೆ. ಆ ಬಣ್ಣ ತಿಂದ ಯಾವುದೋ ದೇಶದ ಕೋಳಿ ಚಿನ್ನದ ಹಳದಿಯ ಮೊಟ್ಟೆ ಇಡುತ್ತದೆ. ಗುಂಡಿಯಲ್ಲಿ ಎಷ್ಟು ದಿನ, ಎಷ್ಟು ಶಾಖ, ಎಷ್ಟು ದ್ರಾವಕ, ಕಿತ್ತ ಹೂ ಯಾವ ಹೊತ್ತಿಗೆ ಬಂದು ಬೀಳಬೇಕು, ಎಲ್ಲವನ್ನೂ ನೀನು ಒಂದೇ ಲೆಕ್ಕಕ್ಕೆ ಕಟ್ಟಿ ಕಂಪ್ಯೂಟರಿಗೆ ಕೊಟ್ಟೆ. ಬಿಸಿಲೇರುವ ಮೊದಲೇ ಬಂದರೆ ಬಣ್ಣ ಗರಿಷ್ಠ ಎಂದಿತು ಅದು. ಫ್ಯಾಕ್ಟರಿಯವರು ಒಪ್ಪಿಬಿಟ್ಟರು. ಈ ವರ್ಷದಿಂದ ಹಂಗಳದ ಹೂವಿನ ಟೆಂಪೊ ಏಳಕ್ಕೇ ಹೊರಡುತ್ತದೆ. ಆಮೇಲೆ ಕಿತ್ತದ್ದು ತಿಪ್ಪೆಗೆ.

ಬಣ್ಣವೇನೋ ಹೆಚ್ಚಾಯಿತಂತೆ ಶಾಂತು. ಜೊತೆಗೆ ನಮ್ಮ ಬಣ್ಣವೂ ಬಯಲಾಯಿತು.

ಹೋದ ವರ್ಷದ ಯುಗಾದಿ ನೆನಪಿದೆಯಾ? ನೀನು ಬೇರೆ ಊರುಗಳನ್ನೆಲ್ಲ ಸುತ್ತಿ, ಹೂ ಕೀಳುವವರನ್ನು ಕಂಡು, ಯಾವಾಗ ಶುರು ಮಾಡಬಹುದೆಂದು ಕೇಳಿ ಬರೆದುಕೊಂಡು ಬಂದಿದ್ದೆ. ನಮ್ಮೂರಿನದು ಉಳಿದಿತ್ತು. ಮನೆಯಲ್ಲೇ ಅವ್ವ ಇರುವಾಗ ಹೊಲದವರೆಗೆ ಯಾರು ಹೋಗುತ್ತಾರೆ? ಮುದ್ದೆ ಮುರಿಯುತ್ತಾ ಕೇಳಿದೆ: "ಅವ್ವ, ಬೆಳಿಗ್ಗೆ ಎಷ್ಟೊತ್ತಿಗೆ ಹೂ ಕೀಳಕ್ಕೆ ಶುರು ಮಾಡಬೌದು?"

"ನಿಂಗೆ ಎಷ್ಟೊತ್ಗೆ ಬೇಕು ಮಗ?"

"ಐದಕ್ಕಾದ್ರೆ ಚೆನ್ನಾಗಿರುತ್ತೆ."

"ಐದ್ಕೇ ಬರ್ಕೊ ಬುಡು. ಸಾರು ಹಾಕ್ಲಾ?"

ನೀನು ಬರೆದುಕೊಂಡೆ. ಸಾರೂ ಹಾಕಿಸಿಕೊಂಡೆ. ನಿಮ್ಮ ಲ್ಯಾಬಿನಲ್ಲಿ ಥರ್ಮಾಮೀಟರಿಗೇ ಜ್ವರ ಬಂದರೆ ಎಸೆಯುತ್ತೀರಿ ತಾನೆ? ನೀನು ಹುಟ್ಟಿದಾಗಿನಿಂದ ನೀನು ಕೇಳಿದ್ದಕ್ಕೆ 'ಆಗಲ್ಲ' ಅಂದೇ ಇಲ್ಲದವಳನ್ನು ಮೀಟರು ಮಾಡಿಕೊಂಡೆಯಲ್ಲೋ!

ಅಟ್ಟಣೆಯ ಮೇಲೆ ರಾತ್ರಿ ಕಾವಲಿದ್ದವರು, ಆನೆ ಕಾಡಿಗೆ ತಿರುಗಿದವು ಎಂದು ಇಳಿದು ಬಂದ ಮೇಲೆಯೇ ನಮ್ಮೂರ ಹೆಂಗಸರು ಹೊಲಕ್ಕೆ ಕಾಲಿಡುವುದು. ನಿನಗೂ ಗೊತ್ತು, ಅದೇ ಅಟ್ಟಣೆಯಲ್ಲಿ ಅಪ್ಪನ ಜೊತೆ ಡಬ್ಬ ಬಡಿದು ಬೆಳೆದವನು ನೀನು. ಈಗ ಏಳರ ಟೆಂಪೊಗಾಗಿ ಐದಕ್ಕೇ, ಕಾವಲಿನವರು ಮೇಲಿರುವಾಗಲೇ, ಇವರು ಕೆಳಗೆ ಹೂ ಕೀಳುತ್ತಾರೆ. ಹೋದ ವಾರ ಮಬ್ಬಿನಲ್ಲಿ ಸಾಲಿನ ತುದಿಗೇ ಆನೆ ನಿಂತಿತ್ತು. ಎಲ್ಲರೂ ದಿಕ್ಕಾಪಾಲಾದರು. ಪಕ್ಕದ ಮನೆಯ ಸುಂದ್ರತ್ತೆ, ನಿನ್ನ ಚಡ್ಡಿ ಜೇಬಿಗೆ ಹುರಿಗಾಳು ತುಂಬುತ್ತಿದ್ದವಳು, ಕಾಡಂಚಿನ ಕಂದಕಕ್ಕೆ ಬಿದ್ದು ಸೊಂಟ ಮುರಿದುಕೊಂಡಳು. ಆನೆ ತಡೆಯಲೆಂದು ತೋಡಿದ ಕಂದಕ. ಆನೆ ದಾಟಿತ್ತು, ಅತ್ತೆ ಬಿದ್ದಳು. ಇನ್ನು ಎದ್ದು ನಡೆಯುವುದು ಕಷ್ಟ ಎಂದಿದ್ದಾರೆ ಮೈಸೂರಿನ ಡಾಕ್ಟರು.

ಅತ್ತೆಯನ್ನು ಜೀಪಿಗೆ ಎತ್ತುವಾಗ ಅವಳ ಮಗಳು ಕುಮಾರಿ ಅವ್ವನ ಮುಖಕ್ಕೇ ಅಂದಳು: "ಐದು ಗಂಟೆ ಅಂತ ಬರ್ಸ್ದೋಳು ನೀನೇ ಅಲ್ವಾ ಸೋಮಕ್ಕ? ನಿನ್ ಮಗುಂಗೆ ಬೌಮಾನ, ನಮ್ಮವ್ವುಂಗೆ ಕಂದ್ಕ. ಚೆಂದಾಗದೆ ಕಣ್ ಬುಡು." ಅಂದಿನಿಂದ ಎಲೆಗೆ ಸುಣ್ಣ ಕೇಳಲೂ ಯಾರೂ ನಮ್ಮ ಹೊಸ್ತಿಲು ಹತ್ತಿಲ್ಲ.

ನಾಳೆ ಫ್ಯಾಕ್ಟರಿಯ ಫೀಲ್ಡ್ ಆಫೀಸರ್ ಗುರುಮಲ್ಲಯ್ಯ ಹಂಗಳಕ್ಕೆ ಬರುತ್ತಾರೆ. ನಿನ್ನೆ ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು. "ಆ ಲೆಕ್ಕದಲ್ಲಿ ಹಂಗಳ ಅಂದ್ರೆ ನಿಮ್ಮ ತಾಯಿ ಮಾತೇ ಅಲ್ವಾ ಮೇಡಂ? ಅವರೇ ಆಗಲ್ಲ ಅಂದ್ಬುಟ್ರೆ ಟೆಂಪೊ ಒಂಬತ್ತಕ್ಕೆ ಮಾಡುಸ್ತೀನಿ" ಎಂದರು. ಬಣ್ಣ ಒಂದು ಚೂರು ಇಳಿಯುತ್ತದೆ. ಆ ಕೋಳಿ ಸಹಿಸಿಕೊಳ್ಳಲಿ. ನಾನೂ ರಜೆ ಹಾಕಿ ಹೋಗುತ್ತೇನೆ. ಅವ್ವನ ಬಾಯಿಂದ ಒಂದೇ ಒಂದು 'ಆಗಲ್ಲ' ಬಿದ್ದರೆ ಸಾಕು.

ಆನೆಯ ಸುದ್ದಿ ನಿನಗೆ ಬರೆಯಕೂಡದೆಂದು ಅವ್ವ ಆಣೆ ಹಾಕಿಸಿಕೊಂಡಿದ್ದಳು. "ಚೆನ್ನಾಗಿವ್ನಿ ಅಂತ ಬರಿ ಕಣಮ್ಮಿ, ಮಗೀಗೆ ಪರೀಕ್ಷೆ ಅದೆ" ಎಂದಳು. ಬರೆದಿದ್ದೇನೆ: ಚೆನ್ನಾಗಿದ್ದಾಳೆ.

ಹೊತ್ತುಹೊತ್ತಿಗೆ ಊಟ ಮಾಡು. ಮಾದಪ್ಪ ನಿನ್ನನ್ನು ಕಾಯಲಿ. ನಿನ್ನ ಲೆಕ್ಕಗಳಿಂದ ನಮ್ಮನ್ನೂ.

ಇಂತಿ ನಿನ್ನ ಅಕ್ಕ
ಶಿವರಂಜಿನಿ

ತಾ.ಕ. (ಸೋಮವಾರ ಸಂಜೆ, ಹಂಗಳ): ಗುರುಮಲ್ಲಯ್ಯ ಬಂದಿದ್ದರು. ಮಾರಿಗುಡಿಯ ಮುಂದೆ ಹೆಂಗಸರೆಲ್ಲ ಸೇರಿದ್ದರು. ಮಾತು ಬಿಟ್ಟವರೂ ಅವ್ವನ ಮುಖವನ್ನೇ ನೋಡುತ್ತಿದ್ದರು.

"ಹೇಳಮ್ಮ, ಐದಕ್ಕೆ ಆಯ್ತದಾ, ಆಗಲ್ವಾ?"

ಅವ್ವ ಕೇಳಿದಳು: "ಆಗಲ್ಲ ಅಂದ್ರೆ ನನ್ ಮಗನ ಲೆಕ್ಕ ತಪ್ಪು ಅಂತ ಬರ್ಕತಿರಾ?"

"ಬರೀಲೇಬೇಕಲ್ಲಮ್ಮ."

"ಹಂಗಾರೆ ಆಯ್ತದೆ ಬುಡಿ."

ಯಾರೂ ಬೈಯಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು. ಉಳಿದ ಹೂ ಗಿಡದಲ್ಲೇ ಬಾಡಲಿ, ನಾವು ಕೀಳಲ್ಲ ಎಂದು ಕುಮಾರಿ ಹೇಳಿ ಕಳಿಸಿದ್ದಾಳೆ. ಅವ್ವನಿಂದ ಆಗದ ಆ 'ಆಗಲ್ಲ' ಎಂಬ ಮಾತನ್ನು ಈಗ ನೀನೇ ಫ್ಯಾಕ್ಟರಿಗೆ ಬರೆಯಬೇಕು. ನಿನ್ನ ಕಾಗದ ಬರುವವರೆಗೂ ದಿನಾ ಐದಕ್ಕೆ ಅವ್ವ ಒಬ್ಬಳೇ ಹೂವಿನ ಹೊಲಕ್ಕೆ ಹೋಗುತ್ತಾಳಂತೆ, ನಿನ್ನ ಲೆಕ್ಕ ಸುಳ್ಳಾಗಬಾರದೆಂದು. ಬ್ಯಾಟರಿಯ ಬೆಳಕು ಮಂಕಾಗಿದೆ ಎಂದಳು. ಹೊಸ ಸೆಲ್ಲು ತಂದು ಈಗ ತಾನೇ ನಾನೇ ಹಾಕಿಕೊಟ್ಟೆ.