ಅಕ್ಕಾರ, ನನ್ನ ಯಾಕ ಬಿಟ್ಟುಕೊಟ್ರಿ?

ಖಾಸಬಾಗ, ಬೆಳಗಾವಿ
ಬುಧವಾರ, ೧೩ ಮಾರ್ಚ್ ೨೦೨೪

ನಾಗರತ್ನಾ ಅಕ್ಕಾರಿಗೆ ನಿಮ್ಮ ಪ್ರಮಿಳಾನ ಶರಣು.

‘ನಿಮ್ಮ’ ಅಂತ ಬರಿಯೂದೋ ಬ್ಯಾಡೋ ಅಂತ ಪೆನ್ನು ಹಿಡಕೊಂಡು ಭಾಳ ಹೊತ್ತು ಕುಂತಿದ್ದೆ. ಕಡೀಕ ಬರದ ಬಿಟ್ಟೆ. ಇಷ್ಟು ವರ್ಷದ ರೂಢಿ, ಕೈ ಕೇಳಲಿಲ್ಲ.

ರವಿವಾರದಿಂದ ನೀವು ಫೋನ್ ಮಾಡಾಕತ್ತೀರಿ, ನಾ ಎತ್ತಿಲ್ಲ. ಸಿಟ್ಟು ಐತಿ, ಖರೇ. ಆದ್ರ ಬರೀ ಸಿಟ್ಟಲ್ಲ. ಫೋನಿನ್ಯಾಗ ನಾ ಅರ್ಧ ಮಾತಾಡೂದ್ರಾಗ ನೀವು ಉತ್ತರ ಹೇಳಿ ಮುಗಿಸಿಬಿಡ್ತೀರಿ. ಸೈಟಿನ್ಯಾಗ ಅದು ಚಲೋನ. ಇದಕ್ಕ ಮಾತ್ರ ನೀವು ಪೂರ್ತಿ ಕೇಳಬೇಕು, ಅದಕ್ಕ ಬರಿಯಾಕತ್ತೀನಿ.

ಕಟ್ಟಡದ ಕೆಲಸದಾಗ ಹೆಣ್ಮಕ್ಕಳನ್ನ ಮುಂದ ತಂದ ಇಂಜಿನಿಯರ್ ಅಂತ ಗುತ್ತಿಗೆದಾರರೆಲ್ಲ ಕೂಡಿ ನಿಮಗ ಸನ್ಮಾನ ಇಟ್ಟಕೊಂಡಾಗ ನಿಮಗಿಂತ ಹೆಚ್ಚು ಖುಷಿಪಟ್ಟಾಕಿ ನಾನು. ನಿಮ್ಮ ಕೈಯಾಗ ಕಲ್ತಾಕಿ ಒಬ್ಬಾಕಿ ಮಾತಾಡಬೇಕು ಅಂದಾಗ ನೀವು ನನ್ನ ಹೆಸರು ಹೇಳಿದ್ರಿ. ವಾರಗಟ್ಟಲೆ ರೊಟ್ಟಿ ಬಡಕೋತ ಭಾಷಣ ಕಲ್ತೆ. ನಮ್ಮ ಮನಿಯವರು ಅಡಗಿಮನಿ ಬಾಗಿಲದಾಗ ಕುಂತು ಕೇಳಿ, ‘ಇಲ್ಲಿ ಒಂಚೂರು ನಿಂದ್ರು, ಮಂದಿ ಚಪ್ಪಾಳಿ ಹೊಡಿತಾರ’ ಅಂತಿದ್ರು.

ಶಹಾಪುರದ ಆ ಮನಿ ಕಟ್ಟುವಾಗಿನ ಮಾತು ಹೇಳಬೇಕಂತ ಮಾಡಿದ್ದೆ. ನಾ ಉಸುಕಿನ ಬುಟ್ಟಿ ಹೊರಾಕ ಬಂದಾಕಿ. ನೀವು ನನ್ನ ಬುಟ್ಟಿ ಇಳಿಸಿ ಕೈಯಾಗ ಸಿಮೆಂಟ್ ಹಚ್ಚೋ ಕರಣಿ ಕೊಟ್ರಿ. ಹಿರೇ ಗೌಂಡಿ ಬಂಡೆಪ್ಪಣ್ಣ ಎದ್ದು ನಿಂತು, ‘ಹೆಂಗಸು ಗ್ವಾಡಿ ಕಟ್ಟಿದ್ರ ನಾವ್ಯಾರೂ ನಾಳಿಂದ ಬರಂಗಿಲ್ರೀ ಬಾಯಾರ’ ಅಂದ. ನೀವು ದನಿ ಏರಸಲಿಲ್ಲ. ‘ನಾಳಿ ಬರಬ್ಯಾಡ್ರಿ. ಇವತ್ತ ಸಂಜೀತನಾ ಆಕೀಗಿ ಕಲಿಸಿ ಹೋಗ್ರಿ’ ಅಂದ್ರಿ. ಅಂವಾ ಬೈಕೋತ ಕಲಿಸಿದ, ಮರುದಿನಾನೂ ಬೈಕೋತ ಬಂದ. ನಿಮ್ಮ ಸೈಟಿನ್ಯಾಗ ಪಾಯಾ ತೋಡೂಕಿಂತ ಮೊದ್ಲ ಹೆಣ್ಮಕ್ಕಳಿಗೆ ಚಿಲಕ ಇರೋ ಪಾಯಖಾನಿ ಆಗಬೇಕು ಅನ್ನೂದನ್ನೂ ಹೇಳಾಕಿ ಇದ್ದೆ. ಅದಿಲ್ಲದ ಸೈಟಿನ್ಯಾಗ ಮುಂಜಾನಿಂದ ನೀರು ಕುಡೀದ ದುಡದಾಕೀಗೇ ಅದರ ಬೆಲಿ ಗೊತ್ತು.

ರವಿವಾರ ಸಭಾದ ಬಾಗಿಲದಾಗ ಬಂಡೆಪ್ಪಣ್ಣ ಭೇಟಿ ಆದ. ‘ಖಾನಾಪುರದ ಕೆಲಸಕ್ಕ ಯಾವಾಗ ಹೊಂಟಿ ಯವ್ವಾ?’ ಅಂದ.

ಖಾನಾಪುರದ ಗುತ್ತಿಗೆದಾರ ಗಜಾನನ ನನಗ ಸೂಪರ್‌ವೈಜರ್ ಕೆಲಸಕ್ಕ ಕರದಿದ್ದು ನಿಮಗ ನಾನ ಬಂದು ಹೇಳಿದ್ದೆ. ನೀವು ‘ವಿಚಾರ ಮಾಡು’ ಅಂದು ನಕ್ಷೆ ನೋಡಾಕತ್ರಿ. ಅಕ್ಕಾರಿಗೆ ಕೆಟ್ಟ ಅನಿಸೈತಿ, ನಾ ಹೋಗಬಾರದು ಅಂತ ನಾ ಅವತ್ತ ನಿರ್ಧಾರ ಮಾಡಿದ್ದೆ. ‘ನಾ ಎಲ್ಲೂ ಹೋಗಂಗಿಲ್ಲ’ ಅಂದೆ ಬಂಡೆಪ್ಪಣ್ಣಗ. ಅಂವಾ ನಕ್ಕ. ‘ಅಲ್ಲಬೇ, ಅಂವಾ ನಿನ್ನ ಕರಿಯೂಕಿಂತ ಮೊದ್ಲ ಬಾಯಾರ ತಾವಾಗೇ ಹೋಗಿ ಅಂವಗ ನಿನ್ನ ಹೆಸರು ಹೇಳಿ ಬಂದಾರ. ನಿನಗ ಗೊತ್ತಿಲ್ಲೇನು?’

ಅಷ್ಟರಾಗ ಮೈಕಿನ್ಯಾಗ ನನ್ನ ಹೆಸರು ಕರದ್ರು.

ಮುಂದಿಂದು ನೀವ ನೋಡೀರಿ. ‘ಅಕ್ಕಾರು ನನಗ ಕೆಲಸ ಕಲಿಸಿದ್ರು’ ಅಂದೆ, ಆಮ್ಯಾಲ ಅಳು ಬಂತು. ಮಂದಿ ನಾ ಪ್ರೀತಿಗೆ ಅಳಾಕತ್ತೀನಿ ಅಂತ ತಿಳದು ಚಪ್ಪಾಳಿ ಹೊಡದ್ರು. ನೀವು ಬಂದು ಅಪ್ಪಕೊಂಡ್ರಿ. ನಾ ಕಂಬದಂಗ ನಿಂತಿದ್ದೆ, ನಿಮಗ ಗೊತ್ತಾಗೇ ಇರತೈತಿ. ಊಟಾ ಮಾಡದ ಮನಿಗಿ ಬಂದೆ.

ಅಕ್ಕಾರ, ಬ್ಯಾಡಾದ ಸಾಮಾನು ಬಾಜೂ ಮನಿಯವರಿಗೆ ಕೊಡೂದೂ ಐತಿ, ಮಗಳನ್ನ ಲಗ್ನಾ ಮಾಡಿ ಕಳಸೂದೂ ಐತಿ. ನೀವು ನನ್ನ ಕಳಿಸಿದ್ದು ಯಾವುದು? ಎಷ್ಟು ವಿಚಾರ ಮಾಡಿದ್ರೂ ತಿಳಿವಲ್ದು.

ಸೋಮವಾರ ಖಾನಾಪುರದ ಬಸ್ ಹತ್ತಿದೆ. ಒಲ್ಲೆ ಅಂತ ಗಜಾನನ ಅವರ ಮುಖದ ಮುಂದ ಹೇಳಿ ಬರೂಣು ಅಂತ. ನಂದಗಡ ರೋಡಿನ ಬಾಜೂಕ ಹೆಣ್ಮಕ್ಕಳ ಹಾಸ್ಟೆಲ್ ಕಟ್ಟಾಕತ್ತಾರ. ಗಜಾನನ ಅವರು ಸಿಮೆಂಟ್ ತರಾಕ ಹೋಗಿದ್ರು. ನೆರಳಾಗ ಬುಟ್ಟಿ ಬೋರಲು ಹಾಕಿ ಹೆಣ್ಮಕ್ಕಳು ಕುಂತಿದ್ರು. ಭರಮವ್ವ ಅನ್ನಾಕಿ ನನ್ನ ನೋಡಿ ಎದ್ದಳು. ‘ಪ್ರಮಿಳಾಬಾಯಿ ನೀವ ಏನ್ರೀ? ನಿಮ್ಮ ಅಕ್ಕಾರು ಹೇಳಿದ್ರು, ಬರ್ತಾಳಂತ. ಕುಂದರ್ರಿ, ನೀರು ಕುಡೀರಿ.’

ಎಲ್ಲಾ ಆಕೀನ ಹೇಳಿದ್ಲು. ನೀವು ಅಲ್ಲಿ ಹೋಗಿ, ಪ್ರಮಿಳಾನ ಕಳಸ್ತೀನಿ, ಆದ್ರ ಈ ಹೆಣ್ಮಕ್ಕಳಿಗೆ ಆಕಿ ಗೌಂಡಿ ಕೆಲಸ ಕಲಿಸ್ತಾಳ, ಕಲ್ತಾಕೀಗಿ ಗೌಂಡಿ ಪಗಾರ ಕೊಡಬೇಕು ಅಂತ ಕರಾರು ಹಾಕಿದ್ರಂತ. ‘ಅದನ್ನೂ ಅವರ ಕಟ್ಟಿಸಿದ್ರು ನೋಡ್ರಿ’ ಅಂತ ಕೈ ತೋರಿಸಿದ್ಲು. ಮೂಲ್ಯಾಗ ಪಾಯಖಾನಿ. ಹೊಸಾ ಬಾಗಲಾ, ಹೊಸಾ ಚಿಲಕ.

ಆಗ ನನಗ ಖುಷಿ ಆಗಬೇಕಿತ್ತು. ಆಗಲಿಲ್ಲ. ಹೊಟ್ಟಿ ಉರೀತು, ಅಕ್ಕಾರ. ನೀವು ನನ್ನ ಸಲುವಾಗಿ ವಿಚಾರ ಮಾಡಿಲ್ಲ, ಇವರ ಸಲುವಾಗಿ ಮಾಡೀರಿ ಅನಿಸ್ತು. ಗುರುತಿಲ್ಲದ ಆ ಬಡ ಹೆಣ್ಮಕ್ಕಳ ಮ್ಯಾಲ ಸವತಿ ಮ್ಯಾಲ ಬಂದಂಗ ಸಿಟ್ಟು ಬಂತು. ನಾನೂ ಒಂದಿನ ಹಿಂಗ ಬುಟ್ಟಿ ಬಾಜೂಕ ಕುಂತಾಕಿ ಅನ್ನೂದು ಗೊತ್ತಿದ್ದೂ ಬಂತು.

ಗಜಾನನ ಅವರು ಬಂದ್ರು. ನಾ ಬಾಯಿ ತಗಿಯೂದ್ರಾಗ ಭರಮವ್ವ ಕೇಳಿದ್ಲು: ‘ನಾಳಿಂದ ಬರ್ತೀರಿಲ್ರೀ?’ ಉಳದವರು ನನ್ನ ಮಾರಿ ನೋಡಾಕತ್ರು. ‘ಒಲ್ಲೆ’ ಅನ್ನಾಕ ಬಂದಾಕಿ, ‘ಬರ್ತೀನಿ’ ಅಂದೆ. ತಿರುಗಿ ಬರುವಾಗ ಬಸ್ಸಿನ್ಯಾಗ ಕಿಡಕಿ ಕಡೆ ಮಾರಿ ಮಾಡಿ ಅತ್ತೆ. ಯಾಕ ಅತ್ತೆ ಅಂತ ಕೇಳಿದ್ರ ಹೇಳಾಕ ಬರೂದಿಲ್ಲ.

ನಿನ್ನೆಯಿಂದ ಹೊಂಟೀನಿ. ಇವತ್ತ ಭರಮವ್ವನ ಕೈಯಾಗ ಕರಣಿ ಕೊಟ್ಟೆ. ಪಲ್ಯಾ ತಿರುವೋ ಸೌಟು ಹಿಡದಂಗ ಹಿಡದ್ಲು, ಎಲ್ಲಾರೂ ಬಿದ್ದು ಬಿದ್ದು ನಕ್ಕೀವಿ. ಸಂಜಿಗಿ ಆಕಿ ಎರಡು ವರಸಿ ಇಟ್ಟಂಗಿ ಸರಿಯಾಗಿ ಇಟ್ಲು. ಇದನ್ನ ಮೊದ್ಲ ಅಕ್ಕಾರಿಗೆ ಹೇಳಬೇಕು ಅಂತ ಫೋನ್ ತಗದೆ. ಆಮ್ಯಾಲ ನೆನಪಾತು, ನಿಮ್ಮ ಕೂಡ ಮಾತು ಬಿಟ್ಟೀನಿ ಅಂತ.

ನಿಮಗ ಸನ್ಮಾನ ಆದದ್ದು ಯೋಗ್ಯ ಆತು. ನಾ ಮೈಕಿನ ಮುಂದ ಹೇಳಲಾರದ್ದನ್ನ ಇಲ್ಲಿ ಹೇಳೀನಿ, ತಿಳಕೊಳ್ರಿ. ಆದ್ರ ಒಂದ ಕೇಳ್ತೀನಿ. ನಕ್ಷೆ ಮ್ಯಾಲ ಕಣ್ಣಿಟ್ಟು ‘ವಿಚಾರ ಮಾಡು’ ಅಂದಾಗ, ಈಕಿ ಹೋಗತಾಳಲ್ಲ ಅಂತ ನಿಮಗ ಒಂಚೂರರೆ ಸಂಕಟ ಆಗಿತ್ತೇನು? ಆಗಿದ್ರ ಬರೀರಿ. ಆಗಿಲ್ಲಂದ್ರ ಸುಳ್ಳರೆ ಬರೀರಿ.

ಮೈ ಕಡೆ ಲಕ್ಷ್ಯ ಇರಲಿ. ಬಿಸಲಾಗ ಭಾಳ ನಿಂದ್ರಬ್ಯಾಡ್ರಿ.

ನಿಮ್ಮ,
ಪ್ರಮಿಳಾ

ತಾ.ಕ.: ಇವತ್ತ ಮಧ್ಯಾಹ್ನ ಗಜಾನನ ಅವರು ಮ್ಯಾಲಿನ ಅಂತಸ್ತಿನ ಹೆಣ್ಮಕ್ಕಳಿಗೆ ಪ್ಲಾಸ್ಟರ್ ಕಲಿಸಾಕ ಇನ್ನೊಬ್ಬಾಕಿ ಬೇಕು ಅಂದ್ರು. ನಿಮ್ಮ ಸೈಟಿನ್ಯಾಗ ನನ್ನ ಕೈಯಾಗ ತಯಾರಾದಾಕಿ ಶಿವಬಸವ್ವ ಇದ್ದಾಳಲ್ಲ, ಆಕಿ ಹೆಸರು ಹೇಳಿಬಿಟ್ಟೆ. ಆಕೀನ ಕೇಳಿಲ್ಲ. ಇಬ್ಬರೂ ಹೋದ್ರ ನಿಮಗ ಕಷ್ಟ ಆಗತೈತಿ, ಗೊತ್ತೈತಿ. ನೀವು ಮಾತ್ರ ಆಕೀಗಿ ಹೇಳಬ್ಯಾಡ್ರಿ. ಮಂದಿ ಬಾಯಿಂದ ಕೇಳೂಕಿಂತ ಮೊದ್ಲ ನಾನ ಹೇಳ್ತೀನಿ. ಹೆಂಗ ಹೇಳೂದು, ಅದ ತಿಳಿವಲ್ದು.